ಬಾಗಿಲಲ್ಲಿ ನಿಂತವಳು

ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ದಿನ ಯಂತ್ರಗಳಿಗೆ ವಿಶ್ರಾಂತಿ ಕೊಡಲೇಬೇಕೆಂದು ನನ್ನ ಅತ್ತೆ ತಂಗೆವ್ವ ಹಠ ಹಿಡಿದರು. 2006ರ ಮಾತು. ಬೈಲಹೊಂಗಲದ ಮನೆಯ ಮುಂದಿನ ಕೋಣೆಯಿಂದ ನಾನು ಕಾಳುಕಡಿಯ ದರ ತೋರಿಸುವ ವೆಬ್‌ಸೈಟ್ ನಡೆಸುತ್ತಿದ್ದೆ. ಅದು ನಿಂತರೆ ಸವದತ್ತಿ, ರಾಮದುರ್ಗದ ವ್ಯಾಪಾರಿಗಳು ಫೋನ್ ಮಾಡಿ ನನ್ನ ತಲೆ ತಿನ್ನುತ್ತಿದ್ದರು.

"ಸರ್ವರ್ ಎರಡು ಅದಾವ್ರಿ. ಒಂದಕ್ಕ ಪೂಜಿ ಮಾಡ್ರಿ, ಅಲ್ಲೀತನಕ ಇನ್ನೊಂದು ದುಡೀತೈತಿ," ಎಂದೆ.

ಒಂದನ್ನು ಬಂದ್ ಮಾಡಿದೆ, ಅತ್ತೆ ಕುಂಕುಮ ಹಚ್ಚಿದರು. ಅದನ್ನು ಚಾಲೂ ಮಾಡಿ ಇನ್ನೊಂದನ್ನು ಬಂದ್ ಮಾಡಿದೆ. ವೆಬ್‌ಸೈಟ್ ಒಂದು ಕ್ಷಣವೂ ನಿಲ್ಲಲಿಲ್ಲ.

ಅತ್ತೆ ಪಕ್ಕದಲ್ಲಿದ್ದ ಮೂರನೆಯ ಯಂತ್ರದ ಮುಂದೆ ಆರತಿ ಹಿಡಿದು ನಿಂತರು. "ಇದನ್ನೂ ಬಂದ್ ಮಾಡು."

"ಅದು ಲೋಡ್ ಬ್ಯಾಲೆನ್ಸರ್‌ರಿ. ಬಂದವರನ್ನೆಲ್ಲ ಬಾಗಲದಾಗ ಮಾತಾಡಿಸಿ, ಕಳ್ಳರನ್ನ ಹೊರಗ ನಿಲ್ಲಿಸಿ, ಕೆಲಸಾ ಆ ಎರಡಕ್ಕೂ ಹಂಚತೈತಿ. ಇದು ನಿಂತ್ರ ಎಲ್ಲಾ ನಿಂತಂಗ."

"ಹಂಗಾರ ಇದಕ್ಕ ರಜಾನ ಇಲ್ಲೇನು?"

"ಇಲ್ರಿ."

ಅತ್ತೆ ಯಂತ್ರವನ್ನು ನೋಡಿದರು, ಆಮೇಲೆ ಹೋಳಿಗೆಯ ಕಣಕ ಮೆತ್ತಿದ ನನ್ನ ಸೆರಗನ್ನು ನೋಡಿದರು. ಬೆಳಗಿನಿಂದ ಬಂದ ನೆಂಟರಿಗೆಲ್ಲ ಬಾಗಿಲು ತೆಗೆದು ಚಹಾ ಕೊಟ್ಟವಳೂ ನಾನೇ.

"ಇದು ಈ ಮನಿ ಸೊಸಿ," ಎಂದರು. ಓಡುತ್ತಿದ್ದ ಯಂತ್ರಕ್ಕೇ ಆರತಿ ಬೆಳಗಿದರು. "ಹೋಳಿಗಿ ನಾ ಮಾಡತೇನಿ. ನೀ ಕುಂತು ಇದಕ್ಕೊಂದು ಜೋಡಿ ಹುಡುಕು."