ನಿರ್ದೇಶಕರ ಹಿತ್ತಾಳೆ ಗಂಟೆ

ನಮ್ಮ ಆಸ್ಪತ್ರೆಯ ನಿರ್ದೇಶಕರಿಗೆ ಕಿರೀಟವೊಂದು ಇರಲಿಲ್ಲ, ಅಷ್ಟೇ. ಮಿಕ್ಕಂತೆ ಅಜ್ಜಿಯ ಕತೆಗಳ ರಾಜರಿಗಿದ್ದದ್ದೆಲ್ಲ ಇತ್ತು: ಮೀಸೆ, ಹೊಗಳುಭಟರು, ಡಂಗುರ. ಡಂಗುರವೆಂದರೆ ಹೆಬ್ಬಾಗಿಲ ಮೇಲಿನ ಫಲಕ: ‘ರಕ್ತವಾಂತಿಯೇ? ಅರವತ್ತೇ ನಿಮಿಷದಲ್ಲಿ ಎಂಡೋಸ್ಕೋಪಿ!’ ಆ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಗಂಟೆಯೊಂದನ್ನು ಕಟ್ಟಿಸಿದ್ದರು. ರೋಗಿ ಬಂದ ಅರವತ್ತು ನಿಮಿಷದೊಳಗೆ ಕ್ಯಾಮೆರಾ ಕೊಳವೆ ಗಂಟಲಿಗಿಳಿದರೆ ಅಲ್ಲಿಯ ನರ್ಸ್ ಆದ ನಾನು ಅದನ್ನು ಬಾರಿಸಬೇಕು. ಕೆಳಗೆ ಕಚೇರಿಯಲ್ಲಿ ಚಪ್ಪಾಳೆ.

“ಮೊದಲು ಡ್ರಿಪ್ಪು, ರಕ್ತ ಕೊಟ್ಟು ಬಿ.ಪಿ. ಮೇಲೆ ತರೋಣ ಸಾರ್. ಆಮೇಲೆ ಇಪ್ಪತ್ನಾಲ್ಕು ತಾಸಿನೊಳಗೆ ಮಾಡಿದ್ರೆ ಸಾಕು” ಎಂದು ಹೊಟ್ಟೆಯ ಡಾಕ್ಟರಮ್ಮ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದರು.

“ಹಾಗಂತ ಫಲಕ ಹಾಕಿದ್ರೆ ಯಾರಮ್ಮ ಬರ್ತಾರೆ? ಎದುರಿನ ಆಸ್ಪತ್ರೆಯವರು ಆಗಲೇ ತೊಂಬತ್ತು ನಿಮಿಷ ಅಂತ ಹಾಕಿದ್ದಾರೆ!”

ಹೋದ ತಿಂಗಳು ದರ್ಜಿ ಅಜ್ಜನೊಬ್ಬ ರಕ್ತ ಕಾರುತ್ತಾ ಬಂದಿದ್ದ. ಮೈ ತಣ್ಣಗೆ, ನಾಡಿ ದಾರದ ಎಳೆ. “ಸ್ವಲ್ಪ ತಡಿಯಮ್ಮ, ಸುಧಾರಿಸ್ಕೋತೀನಿ” ಅಂದ. ಡಾಕ್ಟರಮ್ಮ ರಜೆಯಲ್ಲಿದ್ದರು, ತಾವೂ ಡಾಕ್ಟರೇ ಎಂದು ನಿರ್ದೇಶಕರೇ ಕೊಳವೆ ಹಿಡಿದರು. ಐವತ್ತೆರಡನೆಯ ನಿಮಿಷಕ್ಕೆ ನಾನು ಗಂಟೆ ಬಾರಿಸಿದೆ. ಅಜ್ಜನ ಎದೆ ನಿಂತದ್ದು ಐವತ್ತೇಳಕ್ಕೆ. ಅದಕ್ಕೆ ಗಂಟೆ ಇರಲಿಲ್ಲ.

ಈ ಸೋಮವಾರ ಬೆಳಿಗ್ಗೆ ನಿರ್ದೇಶಕರು ನಮ್ಮ ವೇಗದ ಬಗ್ಗೆ ಭಾಷಣ ಬಿಗಿಯುತ್ತಲೇ ಮೇಜಿನ ತುಂಬ ರಕ್ತ ಕಾರಿಕೊಂಡರು. ಸ್ಟ್ರೆಚರ್ ನಮ್ಮ ಬಾಗಿಲಿಗೆ ಬಂದಾಗ ಬಿ.ಪಿ. ಎಂಬತ್ತು, ಮುಖ ಸುಣ್ಣ ಬಳಿದ ಗೋಡೆ. ಮ್ಯಾನೇಜರ್ ಗಡಿಯಾರ ನೋಡುತ್ತಾ ಹಿಂದೆಯೇ ಓಡಿಬಂದ.

“ಹನ್ನೆರಡು ನಿಮಿಷ ಆಗಿಹೋಯ್ತು! ಸಾರ್ ಕೇಸೇ ಲೇಟಾದ್ರೆ ನಮ್ಮ ಮಾನ ಏನಾಗ್ಬೇಕು? ಒಳಗೆ ತಗೊಳ್ಳಿ!”

ಸ್ಟ್ರೆಚರಿನಿಂದ ಒಂದು ಕೈ ಬಂದು ನನ್ನ ತೋಳು ಹಿಡಿಯಿತು. “ಸ್ವಲ್ಪ ತಡಿಯಮ್ಮ...”

ದರ್ಜಿ ಅಜ್ಜನದೇ ಮಾತು.

ಡಾಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತರು. “ನಿಯಮ ನಿಮ್ಮದೇ ಸಾರ್. ಏನ್ಮಾಡ್ಲಿ?”

“ನಿಯಮ ಹಾಳಾಗ್ಲಿ! ಮೊದಲು ರಕ್ತ ಕೊಡ್ರಮ್ಮಾ!”

“ಹೋದ ವಾರ ತಾನೇ ನೆಂಟರ ಮುಂದೆ ಆ ಗಂಟೆ ಬಾರಿಸಿ ಮೆರೆದ್ರಲ್ಲ ರೀ” ಎಂದು ಸುದ್ದಿ ಕೇಳಿ ಓಡಿಬಂದಿದ್ದ ನಿರ್ದೇಶಕರ ಹೆಂಡತಿ ಅಳುತ್ತಲೇ ಚುಚ್ಚಿದರು.

ಎರಡು ಬಾಟಲಿ ರಕ್ತ, ಡ್ರಿಪ್ಪು, ಆಮ್ಲ ಇಳಿಸುವ ಇಂಜೆಕ್ಷನ್. ಸಂಜೆಗೆ ಬಿ.ಪಿ. ಹತೋಟಿಗೆ ಬಂತು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ನಿಧಾನವಾಗಿ ಕೊಳವೆ ಇಳಿಸಿದರು. ಮಂಡಿನೋವಿಗೆಂದು ಸಾಹೇಬರು ತಿಂಗಳುಗಟ್ಟಲೆ ನುಂಗಿದ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿದ್ದವು. ಅದಕ್ಕೊಂದು ಪುಟ್ಟ ಕ್ಲಿಪ್ಪು ಹಾಕಿದರು, ರಕ್ತ ನಿಂತಿತು.

ಮೂರನೆಯ ದಿನ ಹಾಲು ಕುಡಿದು ಮೀಸೆ ಒರೆಸಿಕೊಂಡ ನಿರ್ದೇಶಕರು ನನ್ನನ್ನು ಕರೆಸಿದರು.

“ಸಿಸ್ಟರ್, ರಿಜಿಸ್ಟರಿನಲ್ಲಿ ನನ್ನದು ಐವತ್ತೊಂಬತ್ತು ನಿಮಿಷ ಅಂತ ಬರೀರಿ. ಫಲಕಕ್ಕೂ ಒಂದು ಮರ್ಯಾದೆ ಇದೆಯಲ್ಲ!”

“ಇಪ್ಪತ್ತೊಂದು ತಾಸು ಅಂತ ಬರೆದಾಗಿದೆ ಸಾರ್. ಹೋದ ತಿಂಗಳ ಈ ಸಾಲು ಓದಿ.” ರಿಜಿಸ್ಟರನ್ನು ಅವರ ಮಡಿಲಿಗಿಟ್ಟೆ.

ದರ್ಜಿ ಅಜ್ಜನ ಸಾಲು. ಅವರ ಬೆರಳು ಗಂಟೆಯ ಐವತ್ತೆರಡನ್ನು ದಾಟಿ ಸಾವಿನ ಐವತ್ತೇಳರ ಮೇಲೆ ನಿಂತಿತು.

“ಆ ಗಂಟೆ...” ಅಂದರು ಕೊನೆಗೆ.

“ಬಿಚ್ಚಿಟ್ಟಿದೀನಿ. ಅಪ್ಪ ಸಾಯೋ ಹೊತ್ತಲ್ಲಿ ಗಂಟೆ ಯಾಕೆ ಹೊಡೀತು ಅಂತ ಅಜ್ಜನ ಮಗಳು ಕೇಳ್ತಿದ್ದಾರೆ. ನಾಳೆ ಹತ್ತಕ್ಕೆ ಬರ್ತಾರೆ. ಬಾರಿಸಿದವಳು ನಾನು, ನಾನೂ ಇರ್ತೀನಿ. ಯಾಕೆ ಅನ್ನೋದನ್ನ ಮಾತ್ರ ನೀವೇ ಹೇಳ್ಬೇಕು ಸಾರ್.”