ಸುಣ್ಣ ಬಳಿದ ಮರಗಳು

ಲಾರಿ ಚಾಲಕನ ಒಂದು ಕೆನ್ನೆ ಬೋಳಿಸಿ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ಅವನು ಕನ್ನಡಿ ನೋಡುತ್ತಲೇ ಹೇಳಿದ: “ಮೇಲ್ಗಡೆ ಏನ್ ಮಳೆ ಅಂತೀಯ ಅಣ್ಣಾ! ನಿನ್ನೆಯಿಂದ ಬಿಟ್ಟಿಲ್ಲ. ಸೇತುವೆ ದಾಟೋಷ್ಟರಲ್ಲಿ ಜೀವ ಬಾಯಿಗೆ ಬಂತು.”

ಬೀದಿಯೆಲ್ಲ ಕತ್ತರಿಯಣ್ಣ ಎಂದು ಕರೆಯುವ ಕ್ಷೌರಿಕನ ಕೈ ಅಲ್ಲೇ ನಿಂತಿತು. ಹೊರಗೆ ಸುಡು ಬಿಸಿಲು. ಆದರೆ ಹೊಳೆಯಂಚಿನ ಅವನ ತೋಪಿನಲ್ಲಿ ಬೆಳಗ್ಗೆಯಷ್ಟೇ ಒಂದು ಸಂಸಾರ ಟೆಂಟ್ ಹಾಕಿತ್ತು: ಗಂಡ, ಹೆಂಡತಿ, ಅತ್ತೆ, ಎಳೆಯ ಮಗು.

ಆ ತೋಪು ಸೋದರಮಾವನಿಂದ ಬಂದದ್ದು. ಉಳಲು ಬಾರದು, ಮನೆ ಕಟ್ಟಲು ಬಾರದು. ಮೇಲೆ ಮಳೆ ಜೋರಾದರೆ ಹೊಳೆ ಒಳನುಗ್ಗಿ ಆಳೆತ್ತರ ನಿಲ್ಲುತ್ತದೆ. ‘ನೀರುಪಾಲಿನ ಆಸ್ತಿ’ ಎಂದು ಜನ ನಗುತ್ತಿದ್ದರು. ಪೇಟೆಯವರಿಗೆ ಟೆಂಟ್ ಹಾಕಲು ಬಾಡಿಗೆಗೆ ಕೊಡುವ ಉಪಾಯ ಹೊಳೆದಾಗ ಕತ್ತರಿಯಣ್ಣನಿಗೆ ಕುಣಿಯುವಷ್ಟು ಖುಷಿಯಾಗಿತ್ತು. ದಿನವಿಡೀ ನಿಂತು ಸೋತ ಕಾಲಿಗೆ ಕೂತು ಉಣ್ಣುವ ಆಸೆ ತಪ್ಪೇನಲ್ಲ. ತಪ್ಪಾದದ್ದು ಆಮೇಲೆ. ಮರಗಳ ಮೇಲೆ ಹಳೆಯ ನೆರೆಯ ಕೆಸರುಗೆರೆ ಎದ್ದು ಕಾಣುತ್ತಿತ್ತು. ನರೆಗೂದಲಿಗೆ ಬಣ್ಣ ಹಚ್ಚಿ ಪಳಗಿದ ಕೈ ಅವನದು. ಗೆರೆ ಮುಚ್ಚುವಂತೆ ಸುಣ್ಣ ಬಳಿದುಬಿಟ್ಟ.

“ಬಂದವರಿಗೆ ಒಂದು ಮಾತು ಹೇಳ್ಬಿಡಿ,” ಎಂದಿದ್ದಳು ಅವನ ಹೆಂಡತಿ.

“ಹೇಳಿದ್ರೆ ಯಾರು ಬರ್ತಾರೆ? ಮಳೆ ಬಂದಾಗ ನೋಡ್ಕೊಳ್ಳೋಣ,” ಎಂದಿದ್ದ.

ಈಗ ಫೋನ್ ಹಚ್ಚಿದರೆ ತೋಪಿನಲ್ಲಿ ಸಿಗ್ನಲ್ ಇಲ್ಲ. ಬಾಗಿಲಿಗೆ ಹೋಗಿ ಆಕಾಶ ನೋಡಿದ, ಬಂದು ಕತ್ತಿ ಹಿಡಿದ, ಮತ್ತೆ ಬಾಗಿಲಿಗೆ ಹೋದ. ನೀರು ಬರಲಿಕ್ಕಿಲ್ಲ. ಬಂದರೆ? ತಿರುಗಿ ಬಂದು ಮತ್ತೆ ಕತ್ತಿ ಹಿಡಿದ.

“ಕತ್ತಿ ನನ್ನ ಕುತ್ತಿಗೆ ಮೇಲಿದೆ, ನಿನ್ನ ಕಣ್ಣು ಬಾಗಿಲ ಮೇಲಿದೆ. ಏನಾಯ್ತಣ್ಣಾ?” ಎಂದ ಚಾಲಕ. ವಿಷಯ ಕೇಳಿದ್ದೇ ಹೆಗಲ ಬಟ್ಟೆ ಕಿತ್ತೆಸೆದ. “ಇನ್ನೂ ಇಲ್ಲೇ ನಿಂತಿದ್ದೀಯಲ್ಲ! ಲಾರಿ ಹತ್ತು.”

ತೋಪಿನಲ್ಲಿ ಜಪ್ಪಯ್ಯ ಎಂದರೂ ಆ ಗಂಡ ಜಗ್ಗಲಿಲ್ಲ. “ಇಂಥ ಬಿಸಿಲಲ್ಲಿ ನೆರೆನಾ? ಹೆಚ್ಚು ಬಾಡಿಗೆ ಕೊಡೋರು ಸಿಕ್ಕಿರಬೇಕು ನಿಮಗೆ. ನಾವು ಏಳಲ್ಲ.”

ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಚಾಲಕನನ್ನು ನೋಡಿ ಮಗು ಕೇಕೆ ಹಾಕಿತು. ಕತ್ತರಿಯಣ್ಣ ಮರದ ಬಳಿ ಹೋಗಿ, ಕೈ ಎತ್ತಿ, ಉಗುರಿನಿಂದ ಸುಣ್ಣ ಕೆರೆದ. ಕೆಸರುಗೆರೆ ಗಂಡಸಿನ ತಲೆಗಿಂತ ಮೇಲಿತ್ತು.

“ನಿನಗೆ ಗೊತ್ತಿತ್ತೇನಪ್ಪಾ?” ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಜ್ಜಿ ಕೇಳಿದಳು.

“ಗೊತ್ತಿತ್ತಮ್ಮಾ.”

ಆಕೆ ಬೈಯಲಿಲ್ಲ. ಎದ್ದು ಬಂದು ಮಗುವನ್ನು ಅವನ ಕೈಗೇ ಕೊಟ್ಟಳು. “ಹಾಗಾದ್ರೆ ನೀನೇ ಎತ್ತಿಕೊಂಡು ನಡಿ.”

ಅವನು ತಲೆ ತಗ್ಗಿಸಿ ಮಗುವನ್ನೆತ್ತಿಕೊಂಡು ಲಾರಿಯತ್ತ ನಡೆದ, ಉಳಿದವರೂ ಹಿಂದೆಯೇ ಬಂದು ಹತ್ತಿದರು. ಲಾರಿ ದಿಬ್ಬ ಏರುವಷ್ಟರಲ್ಲಿ ಕೆಂಪು ನೀರು ಮರಗಳ ನಡುವೆ ನುಗ್ಗಿ, ಬಿಟ್ಟು ಬಂದ ಟೆಂಟನ್ನು ಎಳೆದುಕೊಂಡು ಹೋಯಿತು. ಮಗು ಅವನ ಅಂಗಿಯ ಗುಂಡಿ ಕಚ್ಚುತ್ತ ಕೂತಿತ್ತು.

ಅಂಗಡಿಗೆ ಬಂದವನು ಮುಂದಿನ ವಾರಕ್ಕೆ ಜಾಗ ಹಿಡಿದಿದ್ದವರಿಗೆ ತಾನೇ ಫೋನ್ ಹಚ್ಚಿದ. “ಮಳೆಗಾಲ ಮುಗಿಯೋವರೆಗೆ ಬರ್ಬೇಡಿ ಸಾರ್. ಅಲ್ಲಿ ನೆರೆ ಬರುತ್ತೆ.”

“ಮೊದ್ಲೇ ಯಾಕ್ರೀ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಬರಲ್ಲ ಅಂತ.”

ಆ ಕಡೆಯಿಂದ ಬೈಗುಳ ಶುರುವಾಯಿತು. ಕತ್ತರಿಯಣ್ಣ ಫೋನ್ ಇಡದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ ಇನ್ನೊಬ್ಬರಿಗೆ ಹಚ್ಚಿದ.