ಓಡದ ಗಾಡಿಯ ಕಾವಲು

ಒಕ್ಕಣೆ ಮುಗಿಯುತ್ತ ಬಂದಿದ್ದ ಕಾಲ. ಹೊಲಗಳೆಲ್ಲ ಬೋಳಾಗಿ, ಗಾಳಿ ಎದ್ದಾಗಲೆಲ್ಲ ಹೊಟ್ಟು ಹಾರಿ ಬಂದು ಮೇಸ್ತ್ರಿಯ ಶೆಡ್ಡಿನ ಮುಂದೆ ಕೂರುತ್ತಿತ್ತು. ಸುತ್ತಿನ ಊರುಗಳ ಒಕ್ಕಣೆ ಯಂತ್ರಗಳು ಒಂದೇ ವಾರ ಕೆಡಬೇಕೆಂದು ಮಾತಾಡಿಕೊಂಡವರ ಹಾಗೆ ಕೆಟ್ಟು ಬಂದು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಮೇಸ್ತ್ರಿ ಬೆಳಕು ಹರಿಯುವ ಹೊತ್ತಿಗೇ ಒಂದರ ಅಡಿ ಅಂಗಾತ ಮಲಗಿ, ಸವೆದ ಬೇರಿಂಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರತರುತ್ತಿದ್ದ. ರೆಪ್ಪೆಯ ಮೇಲೆ ಹೊಟ್ಟಿನ ಧೂಳು, ಬಾಯಲ್ಲಿ ಎರಡು ನಟ್ಟು. ಟೀ ತಂದ ಹೆಂಡತಿ ಲೋಟವನ್ನು ಟೈರಿನ ಮೇಲಿಟ್ಟು, ಬಕೆಟ್ ತರಲು ಶೆಡ್ಡಿನ ಹಿಂಭಾಗಕ್ಕೆ ಹೋದಳು.

"ರೀ," ಎಂದು ಅಲ್ಲಿಂದಲೇ ಕೂಗಿದಳು. "ದೊಡ್ಡಮ್ಮನ್ನ ಎಲ್ಲಿಗೆ ಕಳ್ಸಿದ್ರಿ?"

"ಎಲ್ಲಿಗೆ ಕಳ್ಸೋದು? ಹೊದ್ದುಕೊಂಡು ಮಲಗಿರ್ತಾಳೆ, ಸರಿಯಾಗಿ ನೋಡು."

"ಹೊದಿಕೆ ಇದೆ. ದೊಡ್ಡಮ್ಮ ಇಲ್ಲ."

ಮೇಸ್ತ್ರಿಯ ಬಾಯಿಂದ ನಟ್ಟುಗಳು ಉದುರಿದವು.

ದೊಡ್ಡಮ್ಮ ಎಂದರೆ ಕಾರು. ಕಪ್ಪಗೆ, ತುಂಬುಮೈಯದು, ಕೆನ್ನೆ ಉಬ್ಬಿಸಿಕೊಂಡಂಥ ಮಡ್‌ಗಾರ್ಡುಗಳದು. ಅಂಥದು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಅದರ ಒಡತಿ ಎದುರು ಓಣಿಯ ಡಾಕ್ಟರಮ್ಮ, ದನಗಳ ಡಾಕ್ಟರಾಗಿದ್ದು ನಿವೃತ್ತರಾದವರು. ಯಾವ ಕೊಟ್ಟಿಗೆಯಲ್ಲಿ ಯಾವ ಹಸು ಕರು ಹಾಕಲು ಒದ್ದಾಡುತ್ತಿದ್ದರೂ ಈ ಕಾರನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ದೂರದಲ್ಲಿ ಅದರ ಗುಡುಗುಡು ಕೇಳಿದರೆ ಸಾಕು, "ದೊಡ್ಡಮ್ಮ ಬಂದ್ಲು, ಇನ್ನು ಭಯ ಇಲ್ಲ" ಎಂದು ಹಸುವಿನ ಕಡೆಯವರು ಉಸಿರು ಬಿಡುತ್ತಿದ್ದರು. ಹೆಸರು ಬಿದ್ದದ್ದು ಹಾಗೆ.

ಐದಾರು ವರ್ಷದ ಹಿಂದೆ ಅದು ದಾರಿಯಲ್ಲಿ ನಿಂತುಹೋದಾಗ ಎಳೆದು ತಂದು ಮೇಸ್ತ್ರಿಯ ಶೆಡ್ಡಿಗೆ ಬಿಟ್ಟಿದ್ದರು. "ಬೇಗ ಓಡೋ ಹಾಗೆ ಮಾಡು. ಓಡಿದ ದಿನ ಮಾರ್ತೀನಿ, ನಿನಗೂ ಒಂದು ಪಾಲು ಕೊಡ್ತೀನಿ" ಎಂದಿದ್ದರು ಡಾಕ್ಟರಮ್ಮ.

ಮೇಸ್ತ್ರಿ ಮೂರು ತಿಂಗಳಲ್ಲಿ ಅದನ್ನು ಸರಿಮಾಡಿದ. ಬರೀ ಸರಿಮಾಡಿದ್ದಲ್ಲ, ಹೊಸ ಮದುಮಗಳ ಹಾಗೆ ಮಾಡಿದ. ಮೊದಲ ಸಲ ಎಂಜಿನ್ ಎದ್ದಾಗ ಅದರ ಸದ್ದು ಕೇಳಿ ಅವನಿಗೆ ಕಣ್ಣು ತುಂಬಿ ಬಂತು. ಮಾರಿದರೆ ಯಾವನೋ ಹಣವಂತ ಕೊಂಡುಹೋಗಿ ಗಾಜಿನ ಮನೆಯಲ್ಲಿ ನಿಲ್ಲಿಸುತ್ತಾನೆ ಎನ್ನುವುದು ನೆನಪಾಗಿ ಅದೇ ಕಣ್ಣು ಒಣಗಿತು. ಮರುದಿನ ಡಾಕ್ಟರಮ್ಮ ವಿಚಾರಿಸಲು ಬಂದಾಗ ಅವನ ಬಾಯಿ ತಾನಾಗಿಯೇ ಹೇಳಿತು: "ಎಂಜಿನ್ ಹಿಡ್ಕೊಂಡ್ಬಿಟ್ಟಿದೆ ಅಮ್ಮ. ಒಂದು ಸಾಮಾನು ಹೊರದೇಶದಿಂದ ಬರ್ಬೇಕು."

ಆ ಸಾಮಾನು ಇನ್ನೂ ಬರುತ್ತಲೇ ಇತ್ತು.

ಭಾನುವಾರ ಅಂಗಡಿ ಮುಚ್ಚಿದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡು ಮೇಸ್ತ್ರಿ ದೊಡ್ಡಮ್ಮನನ್ನು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳುತ್ತ ನಿಲ್ಲುತ್ತಿದ್ದ. ಉಳಿದ ದಿನ ಅದು ಕೆಟ್ಟ ಗಾಡಿ. ಅಷ್ಟರಲ್ಲಿ ಅಲ್ಲಿಲ್ಲಿ ಹಳೆಯ ಕಾರುಗಳು ಕಳುವಾಗುತ್ತಿರುವ ಸುದ್ದಿ ಬಂತು. ಮೇಸ್ತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ. ಗೇಟಿಗೆ ಸರಪಳಿ ಬಂತು, ಸ್ಟಿಯರಿಂಗಿಗೆ ಇನ್ನೊಂದು ಬಂತು. ಎಂಜಿನ್ನಿಗೆ ಕಿಡಿ ಹಂಚುವ ರೋಟರ್ ಎಂಬ ಹೆಬ್ಬೆರಳಷ್ಟು ಸಾಮಾನನ್ನು ಕಿತ್ತು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅದಿಲ್ಲದೆ ಬ್ರಹ್ಮ ಬಂದರೂ ಗಾಡಿ ಎಬ್ಬಿಸಲಾರ. ಡಾಕ್ಟರಮ್ಮನ ತಂಗಿಯ ಮಗ ಪಟ್ಟಣದಿಂದ ಒಂದು ಡಬ್ಬಿ ಕಳಿಸಿದ್ದ. ಗಾಡಿ ಅಲುಗಿದರೆ ಅದು ಫೋನಿಗೆ ಕೂಗಿ ಹೇಳುತ್ತಿತ್ತು, ಗಾಡಿ ಎಲ್ಲಿದೆ ಎಂದು ನಕ್ಷೆಯ ಮೇಲೆ ಕೆಂಪು ಚುಕ್ಕಿಯಿಟ್ಟು ತೋರಿಸುತ್ತಿತ್ತು. ಡಾಕ್ಟರಮ್ಮನದು ಗುಂಡಿ ಒತ್ತುವ ಹಳೆಯ ಫೋನಾದ್ದರಿಂದ ಅದನ್ನೂ ಮೇಸ್ತ್ರಿಯ ಫೋನಿಗೇ ಜೋಡಿಸಲಾಯಿತು. ಬೀದಿಬೆಕ್ಕು ಬಾನೆಟ್ಟಿನ ಮೇಲೆ ಹಾರಿದರೂ ಫೋನು ಬಡಿದುಕೊಳ್ಳುತ್ತಿತ್ತು. ಹೋದ ರಾತ್ರಿಯೂ ಬಡಿದುಕೊಂಡಿತ್ತು. ಬೆಕ್ಕಿಗೆ ಶಾಪ ಹಾಕಿ ಮೇಸ್ತ್ರಿ ಫೋನನ್ನು ಹಿಟ್ಟಿನ ಡಬ್ಬಿಯೊಳಗಿಟ್ಟು ಮಗ್ಗುಲು ಬದಲಿಸಿದ್ದ.

ಈಗ ಹಿಂಭಾಗಕ್ಕೆ ಓಡಿ ನೋಡಿದರೆ ಒಂದು ಗೋಡೆಯೇ ಇಲ್ಲ. ತಗಡುಗಳನ್ನು ಬಿಚ್ಚಿ, ಒಂದರ ಮೇಲೊಂದು ನೀಟಾಗಿ ಪೇರಿಸಿದ್ದರು. ಬೋಲ್ಟುಗಳು ಕಳೆದುಹೋಗದಂತೆ ಡಬ್ಬಿಯ ಮುಚ್ಚಳದಲ್ಲಿದ್ದವು, ಸ್ಟಿಯರಿಂಗಿನ ಸರಪಳಿ ಸುರುಳಿ ಸುತ್ತಿ ಪಕ್ಕದಲ್ಲಿತ್ತು. ಬಿಚ್ಚಿದ್ದು ಮೇಸ್ತ್ರಿಯದೇ ಸ್ಪ್ಯಾನರುಗಳಿಂದ. ಕೆಲಸ ಮುಗಿದ ಮೇಲೆ ಒರೆಸಿ, ಅವುಗಳ ಮೊಳೆಗೇ ತೂಗುಹಾಕಿ ಹೋಗಿದ್ದರು.

"ಕಳ್ಳ ಅಂದ್ರೆ ಹೀಗಿರ್ಬೇಕು," ಎಂದಳು ಹೆಂಡತಿ. "ನೀವು ಒಂದು ದಿನವಾದ್ರೂ ಹೀಗೆ ಜೋಡಿಸಿಟ್ಟಿದ್ದೀರಾ?"

ಮೇಸ್ತ್ರಿ ಹಿಟ್ಟು ಮೆತ್ತಿದ ಫೋನನ್ನು ತೆಗೆದು ಒರೆಸಿದ. ಕೆಂಪು ಚುಕ್ಕಿ ಹೆದ್ದಾರಿಯ ಮೇಲೆ ತೆವಳುತ್ತಿತ್ತು. ರೋಟರ್ ತನ್ನ ಜೇಬಿನಲ್ಲೇ ಇದೆ, ಲಾರಿಗೆ ಏರಿಸಿಕೊಂಡು ಹೋಗುತ್ತಿದ್ದಾರೆ ಎಂದುಕೊಂಡ. ನೋಡುತ್ತಿದ್ದಂತೆ ಚುಕ್ಕಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿತು, ಸ್ವಲ್ಪ ಹೊತ್ತಿಗೆ ಹೊರಟಿತು. ಅಷ್ಟರಲ್ಲಿ ಬಂಕಿನ ಗೆಳೆಯನೇ ಫೋನು ಮಾಡಿ, "ಏನ್ ಮೇಸ್ತ್ರಿ, ನಿನ್ ದೊಡ್ಡಮ್ಮನಂಥದೇ ಕಾರು ಈಗ ಪೆಟ್ರೋಲ್ ಹಾಕಿಸ್ಕೊಂಡು ಹೋಯ್ತಲ್ಲ! ಏನು ಸದ್ದು, ಏನು ಗತ್ತು!" ಎಂದ.

ದೊಡ್ಡಮ್ಮ ತನ್ನ ಕಾಲ ಮೇಲೆ ತಾನೇ ಓಡುತ್ತಿದ್ದಾಳೆ. ಚುಕ್ಕಿಯನ್ನು ಪೊಲೀಸರಿಗೆ ತೋರಿಸಿದರೆ ಹಿಡಿದು ತರುತ್ತಾರೆ, ಆದರೆ ಓಡಿಸಿಕೊಂಡೇ ತರುತ್ತಾರೆ. ಆಗ ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಊರ ಮುಂದೆ ಹಾರ್ನ್ ಹೊಡೆದುಕೊಂಡು ಬರುತ್ತದೆ. ತೋರಿಸದಿದ್ದರೆ ಸುಳ್ಳು ಉಳಿಯುತ್ತದೆ, ದೊಡ್ಡಮ್ಮ ಉಳಿಯುವುದಿಲ್ಲ.

ಡಾಕ್ಟರಮ್ಮ ಕೋಲೂರಿಕೊಂಡು ಬಂದರು. ಬರಿದಾದ ಜಾಗವನ್ನು ನೋಡಿದರು, ಅಳಲಿಲ್ಲ. ಹಳೆಯ ಟೈರೊಂದರ ಮೇಲೆ ಕೂತು ಮಂಡಿ ನೀವಿಕೊಂಡರು.

"ಆ ಡಬ್ಬಿ ಏನನ್ನುತ್ತೋ?"

"ನೋಡ್ತಿದೀನಿ ಅಮ್ಮ. ಸಿಗ್ನಲ್ ಇಲ್ಲ." ಜೇಬಿನಲ್ಲಿ ಫೋನು ಕೆಂಡದಂತೆ ಸುಡುತ್ತಿತ್ತು.

"ಬಿಡು. ಓಡೋ ಗಾಡಿಯಾಗಿದ್ರೆ ಯಾರಾದ್ರೂ ಇಟ್ಕೊಂಡು ಓಡಿಸ್ಲಿ ಅನ್ಬಹುದಿತ್ತು. ಓಡದ ಗಾಡಿನ ಏನ್ ಮಾಡ್ತಾರೆ? ಕತ್ತರಿಸಿ ತೂಕಕ್ಕೆ ಹಾಕ್ತಾರೆ." ಡಾಕ್ಟರಮ್ಮ ನೆಲ ನೋಡುತ್ತ ಹೇಳಿದರು. "ಎಷ್ಟು ಕರುಗಳಿಗೆ ಹೊತ್ತಿಗೆ ಸರಿಯಾಗಿ ಹೋಗಿ ನಿಂತಿತ್ತು. ಗರಗಸಕ್ಕೆ ಹೋಯ್ತಲ್ಲ."

ಇಲ್ಲ ಅಮ್ಮ, ಕತ್ತರಿಸುವುದಿಲ್ಲ, ಗತ್ತಿನಿಂದ ಓಡುತ್ತಿದೆ ಎನ್ನೋಣವೆಂದರೆ ಹಾಗೆನ್ನುವ ಬಾಯಿ ಮೇಸ್ತ್ರಿಗಿರಲಿಲ್ಲ. ಆ ಮುದುಕಿ ಕಣ್ಣಮುಂದೆಯೇ ಗರಗಸದ ಸದ್ದು ಕೇಳಿಸಿಕೊಳ್ಳುತ್ತ ಕೂತಿರುವುದನ್ನು ನೋಡಲೂ ಆಗಲಿಲ್ಲ.

"ಬಂತು!" ಎಂದು ಫೋನು ಹೊರತೆಗೆದ. "ಸಿಗ್ನಲ್ ಬಂತು ಅಮ್ಮ!"

ಠಾಣೆಯ ದಫೇದಾರರು ಜೀಪು ತಂದರು, ಗಾಡಿ ಗುರುತಿಸಲು ಮೇಸ್ತ್ರಿಯನ್ನೂ ಹತ್ತಿಸಿಕೊಂಡರು. ಅರ್ಧ ದಾರಿಗೆ ಜೀಪಿನ ಮೂತಿಯಿಂದ ಹೊಗೆ ಬಂತು. ನೀರಿನ ಪೈಪು ಸೀಳಿತ್ತು. ಮೇಸ್ತ್ರಿ ತನ್ನ ಕರವಸ್ತ್ರ ಹರಿದು ಸುತ್ತಿ ಬಿಗಿದ, ನೀರು ತುಂಬಿಸಿದ.

"ನೋಡಿದ್ಯಾ ನಮ್ಮ ಹಣೆಬರಹ," ಎಂದರು ದಫೇದಾರರು. "ಕಳ್ಳನ ಗಾಡಿ ಓಡುತ್ತೆ, ಪೊಲೀಸರದ್ದು ಆವಿ ಬಿಡುತ್ತೆ."

ಚುಕ್ಕಿ ಒಂದು ಕಡೆ ಅಲುಗದೆ ನಿಂತಿತ್ತು. ಹೋಗಿ ನೋಡಿದರೆ ಪಂಕ್ಚರ್ ಅಂಗಡಿ. ನಿಂತಲ್ಲೇ ನಿಂತು ಬಿರುಕುಬಿಟ್ಟಿದ್ದ ದೊಡ್ಡಮ್ಮನ ಟೈರು ಸಿಡಿದಿತ್ತು. ಅದರ ಪಕ್ಕ ಜಾಕ್ ತಿರುಗಿಸುತ್ತ ಕೂತಿದ್ದವನನ್ನು ಮೇಸ್ತ್ರಿ ಗುರುತಿಸಿದ. ಸಪೂರ ಆಳು. ಹೋದ ವಾರ ಒಕ್ಕಣೆ ಯಂತ್ರ ಎಳೆದುಕೊಂಡು ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್, ಬೆಲ್ಟಿಗಾಗಿ ಕಾಯುತ್ತ ಭಾನುವಾರವೂ ಅಂಗಳದಲ್ಲೇ ಉಳಿದಿದ್ದವನು. ಓಡಲು ನೋಡಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತ.

"ಲೇ," ಎಂದರು ದಫೇದಾರರು, ಕೋಳ ಹಾಕುತ್ತ. "ಎಷ್ಟೋ ವರ್ಷದಿಂದ ಕೆಟ್ಟು ನಿಂತಿರೋ ಗಾಡಿ ಕಣೋ ಇದು. ಇವರ ಕೈಲೇ ಆಗ್ಲಿಲ್ಲ. ನೀನು ಹೇಗೋ ಓಡಿಸ್ದೆ?"

ಕಳ್ಳ ಮೇಸ್ತ್ರಿಯ ಮುಖ ನೋಡಿದ. ಅವನಿಗೆ ಎಲ್ಲ ಗೊತ್ತಿದೆ ಎನ್ನುವುದು ಆ ನೋಟದಲ್ಲೇ ಇತ್ತು.

"ರಿಪೇರಿ ಮಾಡ್ದೆ ಸಾರ್," ಎಂದ ಕಳ್ಳ.

"ಒಂದೇ ರಾತ್ರೀಲಾ?"

"ಎಂಜಿನ್ ಹಿಡ್ಕೊಂಡಿತ್ತು. ಪೂರ್ತಿ ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ ಕೂರಿಸ್ದೆ. ಕೈ ಪಳಗಿದವನಿಗೆ ಅದೇನು ಮಹಾ? ಅಲ್ವಾ ಮೇಸ್ತ್ರಿ?"

ಆ ಎಂಜಿನ್ ಬಿಚ್ಚಿ ಕೂರಿಸಲು ಇಬ್ಬರಿಗೆ ಒಂದು ವಾರ ಸಾಲದು. ಅದನ್ನು ಹೇಳಬಲ್ಲವನು ಅಲ್ಲಿ ಮೇಸ್ತ್ರಿಯೊಬ್ಬನೇ. ಆದರೆ ಕಳ್ಳನದು ಸುಳ್ಳು ಎನ್ನಬೇಕಾದರೆ ಮೊದಲು ತನ್ನದನ್ನು ಹೇಳಬೇಕು.

"ಆಗುತ್ತೆ," ಎಂದ ಮೇಸ್ತ್ರಿ. "ಕೆಲವರ ಕೈಲಿ ಆಗುತ್ತೆ."

ದಫೇದಾರರು ಟೀ ಹೇಳಲು ಅತ್ತ ಹೋದಾಗ ಕಳ್ಳ ಪಿಸುಗುಟ್ಟಿದ. "ನಿಮ್ಮ ಗುಜರೀಲಿದ್ದ ಹಳೇ ಜೀಪಿನ ರೋಟರ್ ಹಾಕ್ದೆ ಅಷ್ಟೇ, ಅಳತೆ ಮಾಡಿದ ಹಾಗೆ ಕೂತ್ಕೊಂಡಿತು. ಭಾನುವಾರ ನೀವು ಒಳಗೆ ಸ್ಟಾರ್ಟ್ ಮಾಡಿದಾಗ ಆಚೆ ಕೂತು ಕೇಳಿದೆ ಅಣ್ಣ. ಏನು ಕೆಲಸ ಮಾಡಿದೀರಿ ಆ ಎಂಜಿನ್‌ಗೆ! ನಿಮ್ಮ ಮಾನ ಯಾಕೆ ಕಳೀಲಿ ಅಂತ ನಾನೇ ಮೈಮೇಲೆ ಹಾಕ್ಕೊಂಡೆ. ನನಗೂ ಸ್ವಲ್ಪ ಹೆಸರು ಬರುತ್ತಲ್ಲ."

ಆ ಕೆಲಸವನ್ನು ಮೆಚ್ಚಿ ಆಡಿದ ಮೊದಲ ಮಾತು ಅದು. ಆಡಿದವನ ಕೈಗೆ ಕೋಳ ಬಿದ್ದಿತ್ತು.

ಹೆಸರು ಸ್ವಲ್ಪವಲ್ಲ, ಬೇಕಾದಷ್ಟು ಬಂತು. ಕೋರ್ಟಿಗೆ ಹಾಜರು ಮಾಡುವ ಮುಂಚೆ ದಫೇದಾರರು ಅವನಿಗೆ ಜೀಪನ್ನೂ ತೋರಿಸಿದರು. ಅವನು ಮೇಸ್ತ್ರಿ ಸುತ್ತಿದ್ದ ಬಟ್ಟೆಯ ಮೇಲೆ ಒಂದು ತಂತಿ ಸುತ್ತಿದ. ಆಮೇಲೆ ಜೀಪು ಹೊಗೆ ಬಿಡಲಿಲ್ಲ. ಕಳ್ಳನ ಕೈಗುಣ ಎಂದು ಠಾಣೆಯೆಲ್ಲ ಹೊಗಳಿತು. ಶೆಡ್ಡಿನ ಅಂಗಳದಲ್ಲಿ ಯಂತ್ರ ಬಿಟ್ಟು ಕಾಯುತ್ತಿದ್ದವರ ನಾಲಿಗೆ ಅದಕ್ಕಿಂತ ಚುರುಕಾಯಿತು.

"ಮೇಸ್ತ್ರಿ, ಒಂದು ರಾತ್ರಿ ಬಾಗಿಲು ತೆಗೆದಿಟ್ಟು ಮಲ್ಕೊ. ನಮ್ಮ ಮಿಷನ್ನೂ ರಿಪೇರಿಯಾಗ್ಲಿ."

"ಸಾಮಾನು ಹೊರದೇಶದಿಂದ ಬಂತಾ, ಇಲ್ಲ ಕಳ್ಳನ ಜೇಬಿಂದ ಬಂತಾ?"

ಹೆಂಡತಿ ಊಟ ಬಡಿಸುತ್ತ ತಡೆಯಲಾರದೆ ಅಂದಳು, "ನಿಜ ಹೇಳ್ಬಿಡಿ. ನಾನೇ ಸರಿ ಮಾಡಿದ್ದು ಅಂತ ಹೇಳ್ಬಿಡಿ. ಭಾನುವಾರದ ಸದ್ದು ನನಗೆ ಕೇಳಿಸ್ತಿರ್ಲಿಲ್ವಾ?"

"ಹೇಳಿದ್ರೆ ಸುಳ್ಳ ಅಂತಾರೆ."

"ಹೇಳ್ದಿದ್ರೆ ಕೆಲಸ ಬರ್ದೋನು ಅಂತಾರೆ. ಯಾವುದು ವಾಸಿ ನೋಡ್ಕೊಳ್ಳಿ."

ನೋಡಿಕೊಂಡ. ಎರಡು ದಿನ ನೋಡಿಕೊಂಡರೂ ಯಾವುದೂ ವಾಸಿಯಾಗಿ ಕಾಣಲಿಲ್ಲ. ಕೊನೆಗೆ ದೊಡ್ಡಮ್ಮನಿಗೆ ಹೊಸ ಟೈರು ಹಾಕಿಸಿ, ತೊಳೆದು, ನಿಜ ಹೇಳಿಯೇಬಿಡುವುದೆಂದು ಡಾಕ್ಟರಮ್ಮನ ಮನೆ ಮುಂದೆ ತಂದು ನಿಲ್ಲಿಸಿದ.

ಡಾಕ್ಟರಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕಾಯುತ್ತಿದ್ದರು. ಓಡಿಸುವವರ ಕಡೆಯ ಬಾಗಿಲ ಹತ್ತಿರ ಬಂದು ಒಂದು ಗಳಿಗೆ ನಿಂತರು. ಮಂಡಿ ಮುಟ್ಟಿಕೊಂಡು, ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

"ಕ್ಲಚ್ ಒತ್ತಕ್ಕೆ ಈ ಕಾಲು ಈಗ ಕೇಳಲ್ಲ. ಎರಡು ವರ್ಷದ ಹಿಂದೆ ಕೂಡ ಕೇಳ್ತಿತ್ತು ನೋಡು. ಇರ್ಲಿ, ನೀನೇ ನಡಿ."

ಗಾಡಿ ಹೊರಟಿತು. ಬೋಳು ಹೊಲಗಳ ನಡುವಿನ ನೇರ ರಸ್ತೆ. ಕೊಟ್ಟಿಗೆಗಳ ಬಳಿ ಇದ್ದವರು ಸದ್ದಿಗೆ ತಿರುಗಿ ಕೈಯೆತ್ತಿದರು.

"ಅಮ್ಮ, ಒಂದು ಮಾತು ಹೇಳ್ಬೇಕಿತ್ತು," ಎಂದ ಮೇಸ್ತ್ರಿ. "ಮಾರೋದಕ್ಕೆ ಮುಂಚೆ ಹೇಳ್ಬಿಡ್ತೀನಿ."

"ಮಾರೋದಾ? ಯಾರು ಮಾರ್ತಾರೋ ಇದನ್ನ?" ಡಾಕ್ಟರಮ್ಮ ನಕ್ಕರು. "ಮಾರಿ ಪಾಲು ಕೊಡ್ತೀನಿ ಅಂದ್ರೆ ಆಸೆಗೆ ಬಿದ್ದು ಬೇಗ ಮಾಡ್ತೀಯ ಅಂತ ಹಾಗಂದಿದ್ದೆ. ನಿನಗೆ ಆಸೇನೂ ಇಲ್ಲ, ಕೆಲಸಾನೂ ಬರ್ಲಿಲ್ಲ. ನಿನ್ನ ತಪ್ಪೇನಿದೆ, ಎಲ್ಲ ಕೈಗೂ ಎಲ್ಲ ಬರುತ್ತಾ?"

ಮಾರದ ಗಾಡಿಯನ್ನು ಮಾರಾಟದಿಂದ ಕಾಪಾಡಲು ಮೇಸ್ತ್ರಿ ಈ ಹೆಂಗಸಿನ ಕಾಲು ಸೋಲುವ ತನಕ ಕಾಯಿಸಿದ್ದ.

"ನೀನೇನೋ ಹೇಳ್ಬೇಕು ಅಂದ್ಯಲ್ಲ?"

"ಏನಿಲ್ಲ ಅಮ್ಮ. ಟೈರು ಹೊಸದು ಅಂತ."

"ಹಾಂ. ನನ್ನದೊಂದು ಕೆಲಸ ಮಾಡು. ಆ ಹುಡುಗ ಕದ್ದಿದ್ದು ತಪ್ಪು, ಇಲ್ಲ ಅನ್ನಲ್ಲ. ಆದ್ರೆ ಅವನ ಋಣ ನನ್ನ ಮೇಲಿದೆ. ಕೋರ್ಟಲ್ಲಿ ನಿನ್ನ ಕರೆಸ್ತಾರಂತೆ. ಕೆಟ್ಟ ಗಾಡಿನ ಸರಿ ಮಾಡಿದಾನೆ, ಅಂಥ ಕೆಲಸಗಾರ ಇನ್ನೊಬ್ಬ ಇಲ್ಲ ಅಂತ ನೀನೇ ಹೇಳ್ಬೇಕು. ನಿನ್ನ ಬಾಯಲ್ಲಿ ಬಂದ್ರೆ ತೂಕ ಇರುತ್ತೆ. ಹೊಟ್ಟೆಕಿಚ್ಚು ಪಡ್ಬೇಡ."

"ಹೇಳ್ತೀನಿ ಅಮ್ಮ."

ಇಳಿಜಾರಿನಲ್ಲಿ ಗೇರ್ ಬದಲಿಸುವಾಗ ಮೇಸ್ತ್ರಿಯ ಕಣ್ಣು ಪಕ್ಕಕ್ಕೆ ಹೋಯಿತು. ಅವನು ಕ್ಲಚ್ ಒತ್ತಿದ ಕ್ಷಣಕ್ಕೇ ಡಾಕ್ಟರಮ್ಮನ ಪಾದವೂ ಬರಿಯ ನೆಲವನ್ನು ಮೆಲ್ಲಗೆ ಒತ್ತಿ ಬಿಟ್ಟಿತು. ಅವರಿಗೆ ಅದು ಗೊತ್ತಿರಲಿಲ್ಲ. ಅವರು ಹೊಲ ನೋಡುತ್ತಿದ್ದರು.

ಮುಂದೆ ರಸ್ತೆ ಅಂಗೈಯಂತೆ ಸಮವಾಗಿತ್ತು, ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ಮೇಸ್ತ್ರಿ ಗೇರ್ ಇಳಿಸಿದ. ಮತ್ತೆ ಏರಿಸಿದ. ಸ್ವಲ್ಪ ದೂರ ಹೋಗಿ ಮತ್ತೆ ಇಳಿಸಿದ.

"ಏನೋ ಇದು, ಗೇರ್ ಹಾಕೋದನ್ನೂ ಆ ಕಳ್ಳನ ಹತ್ರ ಕಲೀಬೇಕೇನೋ ನೀನು?" ಎಂದರು ಡಾಕ್ಟರಮ್ಮ.

"ಕಲೀತೀನಿ ಅಮ್ಮ," ಎಂದು ಮೇಸ್ತ್ರಿ ಇನ್ನೊಮ್ಮೆ ಕ್ಲಚ್ ಒತ್ತಿದ.